ಕೊನೆಗದ್ದೆಯ ಸರದಿ

ಗುತ್ತಲಿನ ಇಂಜಿನಿಯರ್ ಲಿಂಗಯ್ಯನವರ ಮನೆಗೆ ಮೊದಲ ಸಲ ಬಂದವರು ಬಾಗಿಲು ತೆರೆಯಲಾರದೆ ನಿಂತರೆ ಮನೆಯವರು ಯಾರೂ ನಗುತ್ತಿರಲಿಲ್ಲ. ಅಲ್ಲಿನ ಒಂದೊಂದು ಬಾಗಿಲಿಗೂ ಒಂದೊಂದು ಹಿಕಮತ್ತು. ಬಚ್ಚಲಿನದು ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಹಿತ್ತಲಿನದಕ್ಕೆ ಕಲ್ಲಿನ ಗುಂಡೊಂದು ನೇತಾಡುತ್ತಿತ್ತು; ಅದನ್ನು ಎಳೆದರೆ ಬಾಗಿಲು, ಎಳೆಯದಿದ್ದರೆ ಗೋಡೆ. ಮರಾಮತ್ತು ಇಲಾಖೆಯಲ್ಲಿ ಆಯುಷ್ಯವೆಲ್ಲ ನಾಲೆ, ತೂಬು, ಸೇತುವೆ ಅಂತ ಓಡಾಡಿ, ಪಿಂಚಣಿ ಪಡೆದು ಮನೆಗೆ ಬಂದ ಮನುಷ್ಯನ ಕೈ ಸುಮ್ಮನಿರುತ್ತದೆಯೇ? ಸರ್ಕಾರ ಬೇಡವೆಂದದ್ದನ್ನೆಲ್ಲ ಹೆಂಡತಿಗೆ ಕಟ್ಟಿಕೊಟ್ಟರು. ಹೆಂಡತಿ ಕಾಮಾಕ್ಷಮ್ಮ ಬೈಯುತ್ತ ಬೈಯುತ್ತಲೇ ಅವನ್ನೆಲ್ಲ ಬಳಸಿದಳು.

ಆ ಲಿಂಗಯ್ಯನವರು ಹೋಗಿ ಏಳೆಂಟು ತಿಂಗಳಾಗಿತ್ತು. ಮಾಘಮಾಸದ ಒಂದು ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾವೂ ಉಂಡು, ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಮಲಗಿದವರು ಏಳಲಿಲ್ಲ. ಹೊಟ್ಟೆ ತುಂಬ ಉಂಡು ಹೋದರು ಎಂಬುದೊಂದೇ ಕಾಮಾಕ್ಷಮ್ಮನ ಸಮಾಧಾನ. ಈಗ ಮಹಾಲಯ ಅಮಾವಾಸ್ಯೆ ಬಂದಿತ್ತು. ಯುದ್ಧ ಮುಗಿದು ವರ್ಷವಾದರೂ ರೇಷನ್ ಮುಗಿಯದಿದ್ದ ಕಾಲ ಅದು. ಆದರೂ ಹಿರಿಯರ ಹಬ್ಬಕ್ಕೆ ಕೈ ಬಿಗಿಹಿಡಿಯುವಂತಿರಲಿಲ್ಲ. ಹೋದವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಕೋಣೆಯೊಳಗೆ ಬಾಳೆಲೆಯ ಮೇಲೆ ಎಡೆಯಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಒಮ್ಮೆ ಕೆಮ್ಮಿ, ಬಾಗಿಲು ತೆರೆದು, ಮನೆಮಂದಿ ಊಟಕ್ಕೆ ಕೂರಬೇಕು. ಅಲ್ಲಿಯವರೆಗೆ ಯಾರ ಬಾಯಿಗೂ ಒಂದಗುಳು ಬೀಳಕೂಡದು.

ಲಿಂಗಯ್ಯನವರಿಗೆ ಇದು ಮೊದಲನೆಯ ಎಡೆ. ಕಾಮಾಕ್ಷಮ್ಮನಿಗೆ ವಾರದಿಂದ ನಿದ್ದೆಯಿಲ್ಲ. ಗಂಡ ಬರಬೇಕು, ಉಣ್ಣಬೇಕು, ಸಂತೋಷವಾಗಿ ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೆ. ಅಷ್ಟು ಸಾಲದೆಂಬಂತೆ ಕೊತ್ತತ್ತಿಯಿಂದ ಲಿಂಗಯ್ಯನವರ ಅಕ್ಕ ದೊಡ್ಡತಾಯಮ್ಮ ಹಿಂದಿನ ದಿನವೇ ಗಾಡಿ ಕಟ್ಟಿಸಿಕೊಂಡು ಬಂದಿಳಿದಿದ್ದಳು. ಆಕೆ ಎಂಬತ್ತರ ಹತ್ತಿರದವಳು, ನೆಟ್ಟಗೆ ನಡೆಯುವವಳು, ಅದಕ್ಕಿಂತ ನೆಟ್ಟಗೆ ಮಾತಾಡುವವಳು.

"ಮೊದಲ್ನೇ ಎಡೆ ಕಣಮ್ಮಿ ಕಾಮಾಕ್ಸಿ," ಎಂದಳು ಗಾಡಿಯಿಂದ ಕಾಲು ಕೆಳಗಿಡುತ್ತಲೇ. "ಇದ್ರಲ್ಲಿ ಎಡವಟ್ಟಾದ್ರೆ ಅವ್ನು ಅಸ್ಕೊಂಡು ಓಯ್ತಾನೆ. ಆಮ್ಯಾಕೆ ಈ ಕಡೆ ತಲೆ ಆಕಾಕಿಲ್ಲ."

ಎಡವಟ್ಟಿನ ಭಯ ಕಾಮಾಕ್ಷಮ್ಮನಿಗೆ ಮೊದಲೇ ಇತ್ತು, ಅದಕ್ಕೆ ಕಾರಣವೂ ಇತ್ತು. ಜೀವಮಾನದಲ್ಲಿ ಒಂದು ದಿನವೂ ಬೇರೆಯವರಿಗಿಂತ ಮೊದಲು ಉಣ್ಣದ ಮನುಷ್ಯ, ಸತ್ತ ಮೇಲೆ ಎಲ್ಲರನ್ನೂ ಹಸಿದು ಕೂರಿಸಿ ತಾನು ಉಂಡಾನೆಯೇ?

ಅದು ಲಿಂಗಯ್ಯನವರು ನಾಲೆಯಿಂದ ಮನೆಗೆ ತಂದ ಕಾನೂನು. ನಾಲೆಗೆ ನೀರು ಬಿಟ್ಟಾಗ ತಲೆಯ ಹತ್ತಿರದ ಗದ್ದೆಯವರು ಕೆರೆಯಷ್ಟು ತುಂಬಿಸಿಕೊಂಡು ಕೂರುವುದು, ಬಾಲದ ಗದ್ದೆಯವನು ಮೋಡ ನೋಡುತ್ತ ಕೂರುವುದು ಎಲ್ಲ ಕಡೆಯ ಕಥೆ. ಲಿಂಗಯ್ಯನವರು ಇದ್ದ ಕಡೆ ಅದು ನಡೆಯುತ್ತಿರಲಿಲ್ಲ. ಮೊದಲು ಕೊನೆಗದ್ದೆ ನೆನೆಯಬೇಕು, ಆಮೇಲೆ ಅದರ ಮೇಲಿನದು, ಹಾಗೇ ಒಂದೊಂದೇ ಸರದಿಯಲ್ಲಿ ತಲೆಯವರೆಗೆ. ಮಳವಳ್ಳಿ ಕಡೆಯ ದೊಡ್ಡ ಹಿಡುವಳಿದಾರರು ಬೈದರು, ಮದ್ದೂರಿನ ಕಡೆಯವರು ಮೇಲಿನವರಿಗೆ ದೂರು ಕೊಟ್ಟರು. ಲಿಂಗಯ್ಯನವರು ಛತ್ರಿ ಹಿಡಿದು ಏರಿಯ ಮೇಲೆ ನಿಂತು, ಕೊನೆಯ ಗದ್ದೆಯಲ್ಲಿ ನೀರು ಮಿನುಗುವವರೆಗೆ ಅಲುಗುತ್ತಿರಲಿಲ್ಲ.

ಹೊಲದ ಕಾನೂನು ಹೊಲದಲ್ಲಿದ್ದರೆ ಸರಿ. ಮದುವೆಯಾಗಿ ಕಾಮಾಕ್ಷಮ್ಮ ಕೊತ್ತತ್ತಿಯ ಮನೆಗೆ ಕಾಲಿಟ್ಟ ದಿನವೇ ಅದು ಅಡುಗೆಮನೆಗೆ ಬಂದುಬಿಟ್ಟಿತು. ಎಲ್ಲರೂ ಉಂಡು, ಮಿಕ್ಕರೆ ಹೊಸ ಸೊಸೆಗೆ ಎಂದು ಅವಳನ್ನು ಮೂಲೆಯಲ್ಲಿ ಕೂರಿಸಿದ್ದರು. ಹೊಟ್ಟೆ ಗುರ್ ಎನ್ನುವುದು ಪಕ್ಕದಲ್ಲಿದ್ದವರಿಗೂ ಕೇಳುವಂತಿತ್ತು. ಆಗ ಓವರ್‌ಸಿಯರ್ ಆಗಿದ್ದ ಮದುಮಗ ಎದ್ದು ಬಂದು, ತಾಯಿಯ ಕೈಯಿಂದ ಸೌಟು ತೆಗೆದುಕೊಂಡು, ಇನ್ನೂ ಮುಖವೆತ್ತಿ ನೋಡಿರದ ಹುಡುಗಿಯ ಎಲೆಗೆ ಮೊದಲು ಬಡಿಸಿದರು. ಈ ಮನೆಗೆ ಇವಳೇ ಕೊನೆಗೆ ಬಂದವಳು, ಇವಳದು ಆದಮೇಲೆ ನಮ್ಮದು ಅಂದರಂತೆ. ಗಂಡಸು ಹೆಂಡತಿಗೆ ಬಡಿಸುವುದನ್ನು ಕಂಡು ದೊಡ್ಡತಾಯಮ್ಮ ತಮ್ಮನ ಜೊತೆ ಮುಂದಿನ ಹಬ್ಬದವರೆಗೆ ಮಾತು ಬಿಟ್ಟಳು. ಕಾಮಾಕ್ಷಮ್ಮನಿಗೆ ಮಾತ್ರ ಆ ಮುದ್ದೆಯ ಬಿಸಿ ಇವತ್ತಿಗೂ ಬೆರಳಿನಲ್ಲಿತ್ತು. ಅವತ್ತೇ ಅವಳು ಆ ಮನುಷ್ಯನಿಗೆ ಸೋತಿದ್ದು.

ಆಮೇಲೆ ಮಕ್ಕಳಾದವು. ಚಿಕ್ಕದಕ್ಕೆ ಮೊದಲು, ದೊಡ್ಡದಕ್ಕೆ ಆಮೇಲೆ, ಅವಕ್ಕಾದ ಮೇಲೆ ಕಾಮಾಕ್ಷಮ್ಮನಿಗೆ. ಅವಳಿಗೆ ತಾವೇ ನಿಂತು ಬಡಿಸಿ, ಅವಳು ಕೈತೊಳೆದ ಮೇಲೆ ಯಜಮಾನರು ಕೂರುತ್ತಿದ್ದರು. ಒಮ್ಮೆ ಮನೆಮಂದಿಯೆಲ್ಲ ಮುತ್ತತ್ತಿಗೆ ಹೋಗಿದ್ದಾಗ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದ ಕೂಡಲೆ ಕೋತಿಗಳು ಬಂದವು. ಲಿಂಗಯ್ಯನವರು ಅವಕ್ಕೂ ಸರದಿ ಕಲಿಸಲು ಹೊರಟು, ಮರಿಕೋತಿಗೆ ಮೊದಲು ಎಂದು ಚಿತ್ರಾನ್ನ ಹಿಡಿದು ನಿಂತರು. ಮರಿಕೋತಿಗೆ ಚಿತ್ರಾನ್ನ ಸಿಕ್ಕಿತೋ ಇಲ್ಲವೋ, ದೊಡ್ಡದೊಂದಕ್ಕೆ ಅವರ ಜರಿಪೇಟ ಸಿಕ್ಕಿತು. ಆ ಪೇಟ ಇನ್ನೂ ಅಲ್ಲಿನ ಯಾವುದೋ ಮರದ ಮೇಲಿರಬೇಕು. ಮಗಳು ಸೋಮಮ್ಮ ಮದುವೆಯಾಗಿ ಮಳವಳ್ಳಿಗೆ ಹೋದ ಮೇಲೂ ತವರಿಗೆ ಬಂದಾಗಲೆಲ್ಲ ಇದನ್ನು ಹೇಳಿಸದೆ ಬಿಡುತ್ತಿರಲಿಲ್ಲ.

ಇನ್ನು ಬೆಕ್ಕಿನ ವಿಚಾರ. ಮನೆ ಕಟ್ಟಿ ಮುಗಿಸಿದ ವರ್ಷ, ಒಂದು ಕಿವಿ ಹರಿದ ಬೂದು ಬೆಕ್ಕೊಂದು ಎಲ್ಲಿಂದಲೋ ಬಂದು, ಹಾಲು ಮೊಸರಿಡುವ ಕೋಣೆಗೆ ನುಗ್ಗತೊಡಗಿತು. ಕಾಮಾಕ್ಷಮ್ಮ ಕೋಲು ಹಿಡಿದಳು, ಲಿಂಗಯ್ಯನವರು ಪೆನ್ಸಿಲು ಹಿಡಿದರು. ಕೊನೆಗೆ ಆ ಕೋಣೆಯ ಬಾಗಿಲಿಗೆ ಒಂದು ಅಗುಳಿ ಬಂತು. ಬಾಗಿಲು ಮುಚ್ಚಿದರೆ ಸಾಕು, ಒಳಗಡೆ ಅದು ತಾನೇ ಟಕ್ಕೆಂದು ಬೀಳುತ್ತಿತ್ತು. ಎತ್ತಬೇಕೆಂದರೆ ಬಾಗಿಲಿನ ತೂತಿನಿಂದ ಹೊರಗೆ ಬಿಟ್ಟಿದ್ದ ಹುರಿಯನ್ನು ಎಳೆಯಬೇಕು. ಆ ತೂತಿನ ಕೆಳಗೆ ಇನ್ನೊಂದು ತೂತು, ಅದಕ್ಕೊಂದು ಮರದ ಬಿರಡೆ. ಇದು ಯಾವ ಕರ್ಮಕ್ಕೆ ಎಂದು ಕಾಮಾಕ್ಷಮ್ಮ ಕೇಳಿದ್ದಕ್ಕೆ ಅವರು ಸವಿಸ್ತಾರವಾಗಿ ಹೇಳಿದ್ದರು. ಆ ಹೊತ್ತಿಗೆ ಒಲೆಯ ಮೇಲೆ ಸಾರು ಉಕ್ಕುತ್ತಿದ್ದರಿಂದ ಅವಳು ಹೂಂ ಹೂಂ ಎಂದು ಒಳಗೆ ಓಡಿದ್ದಳು.

ತಮಾಷೆಯೆಂದರೆ, ಬೆಕ್ಕನ್ನು ಹೊರಗಿಟ್ಟ ಅದೇ ಮನುಷ್ಯ ಅವತ್ತಿನಿಂದ ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಅದಕ್ಕೊಂದು ಚಿಪ್ಪಿನಲ್ಲಿ ಹಾಕತೊಡಗಿದರು. ಕಳ್ಳನೀರು ಕೂಡದು, ಆದರೆ ಅದರ ಪಾಲು ಅದಕ್ಕೆ ಸಲ್ಲಬೇಕಲ್ಲ ಎಂದು ಅವರ ವಾದ. ಮನೆಗೆ ಕೊನೆಗೆ ಬಂದದ್ದು ಅದೇ ತಾನೆ? ಹಾಗಾಗಿ ಅದಕ್ಕೆ ಕೊನೆಗದ್ದೆ ಎಂದೇ ಹೆಸರಾಯಿತು. "ಕೊನೆಗದ್ದೇ, ಬಾ" ಎಂದು ಅವರು ಹಿತ್ತಲಲ್ಲಿ ನಿಂತು ಕೂಗುತ್ತಿದ್ದರೆ, ಅಕ್ಕಪಕ್ಕದವರು ಇಂಜಿನಿಯರಿಗೆ ಅರಳುಮರಳು ಎಂದುಕೊಂಡರು. ಅವರು ಹೋದ ಮೇಲೆ ಬೆಕ್ಕೂ ಕಾಣಲಿಲ್ಲ. ಆ ಕೋಣೆಯ ಬಾಗಿಲನ್ನು ಮುಚ್ಚುವ ಅಗತ್ಯವೇ ಬೀಳದೆ, ಅದು ಅಂದಿನಿಂದ ತೆರೆದೇ ಇತ್ತು.

ಅಮಾವಾಸ್ಯೆಯ ದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅಡುಗೆಯಾಯಿತು. ಬಾಡಿನ ಸಾರು, ಮುದ್ದೆ, ಅನ್ನ, ವಡೆ, ಕಜ್ಜಾಯ, ಗಟ್ಟಿ ಮೊಸರು. ಮದ್ದೂರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಮಗ ಶಿವಯ್ಯ ಹೊಸ ಪಂಚೆ ತಂದಿದ್ದ. ಸೋಮಮ್ಮ ಬೆಳಗಿನ ಬಸ್ಸಿನಲ್ಲಿ ಮಳವಳ್ಳಿಯಿಂದ ಬಂದು ವಡೆ ತಟ್ಟಿದ್ದಳು. ಶಿವಯ್ಯನ ಹೆಂಡತಿ ಮಾಯಮ್ಮ ತುಂಬಿದ ಬಸುರಿ. ಬೆಳಗಿನಿಂದ ಬರೀ ಹೊಟ್ಟೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಕಾಮಾಕ್ಷಮ್ಮ ಒಂದು ಲೋಟ ಹಾಲನ್ನಾದರೂ ಕುಡಿಯಲಿ ಎಂದು ಬಗ್ಗಿಸುವಷ್ಟರಲ್ಲಿ ದೊಡ್ಡತಾಯಮ್ಮನ ಕಣ್ಣು ಬಿತ್ತು. ಲೋಟ ಹಾಗೇ ಉಳಿಯಿತು.

ಹಾಲು ಮೊಸರಿನ ಕೋಣೆಯಲ್ಲೇ ಎಡೆಯಿಟ್ಟರು. ಪಕ್ಕದಲ್ಲಿ ಪಂಚೆ, ಎಲೆಅಡಿಕೆ, ನೀರಿನ ಚೊಂಬು, ಅವರು ಅಳತೆ ಹಿಡಿಯುತ್ತಿದ್ದ ಟೇಪು. ಧೂಪದ ಹೊಗೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಅಡ್ಡಬಿದ್ದರು. ಹೊರಗೆ ಬಂದು ಶಿವಯ್ಯ ಬಾಗಿಲು ಎಳೆದ. ಒಳಗೆ ಟಕ್ಕೆಂದಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಗುಳಿಯೊಂದಿದೆ ಎಂಬುದನ್ನೇ ಮನೆ ಮರೆತಿತ್ತು. ಹುರಿ ಇದೆಯಲ್ಲ ಎಂದು ಶಿವಯ್ಯ ಧೈರ್ಯ ಹೇಳಿ ಮೆಲ್ಲಗೆ ಎಳೆದ. ಗೇಣುದ್ದದ ಹುರಿ ಅವನ ಕೈಗೆ ಬಂತು. ಬೆಕ್ಕು ಮನೆ ಬಿಟ್ಟ ಮೇಲೆ ಇಲಿಗಳಿಗೆ ಹಬ್ಬವಾಗಿತ್ತು. ಒಳಗಿನ ತುದಿಯನ್ನು ಅವು ಎಂದೋ ಕಡಿದು ಮುಗಿಸಿದ್ದವು.

ಅಪ್ಪ ಕಟ್ಟಿಸಿದ ಮನೆಯಾದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಕಿಟಕಿಯ ಸರಳು ಸೇತುವೆಯ ಸರಳಿನಷ್ಟು ದಪ್ಪ. ಹೆಂಚುಗಳನ್ನೆಲ್ಲ ತಂತಿಯಲ್ಲಿ ಬಿಗಿದಿದ್ದರು. ಕೊಡಲಿ ತರುತ್ತೇನೆಂದು ಶಿವಯ್ಯ ಹೊರಟಾಗ ಕಾಮಾಕ್ಷಮ್ಮ ಬೇಡವೆಂದು ಅಡ್ಡ ನಿಂತಳು. ಅವರ ಕೈಕೆಲಸಕ್ಕೆ ಅವರ ಹಬ್ಬದ ದಿನವೇ ಕೊಡಲಿ ಹಾಕುವುದನ್ನು ಅವಳು ನೋಡಲಾರಳು.

ಅಷ್ಟರಲ್ಲಿ ಒಳಗಿಂದ ಸದ್ದು ಬಂತು. ಎಲೆ ಸರಿದ ಸದ್ದು. ಸ್ವಲ್ಪ ಬಿಟ್ಟು, ಏನನ್ನೋ ಅಗಿಯುವ ಸದ್ದು.

ದೊಡ್ಡತಾಯಮ್ಮ ಬಾಗಿಲಿಗೆ ಕಿವಿಯಿಟ್ಟಳು.

"ಬಂದವ್ನೆ ಕಣ್ರಮ್ಮ," ಎಂದಳು ಪಿಸುದನಿಯಲ್ಲಿ. "ಉಣ್ತಾವ್ನೆ ನನ್ನ ತಮ್ಮ. ಯಾರೂ ಬಾಗ್ಲು ಮುಟ್‌ಬ್ಯಾಡಿ."

ಎಲ್ಲರೂ ಕೈಮುಗಿದರು. ಮೇಷ್ಟರಾಗಿ ಮಕ್ಕಳಿಗೆ ದೆವ್ವಗಿವ್ವ ಏನಿಲ್ಲ ಎಂದು ಪಾಠ ಹೇಳುವ ಶಿವಯ್ಯನೂ ಕೈಮುಗಿದ. ಕಾಮಾಕ್ಷಮ್ಮನಿಗೆ ಅಳು ಉಕ್ಕಿ ಬಂತು, ಜೊತೆಗೇ ನಗುವೂ ಬಂತು. ಬಂದರು. ಇಷ್ಟು ತಿಂಗಳಿಂದ ಖಾಲಿಯಿದ್ದ ಮನೆ ತುಂಬಿದಂತಾಯಿತು. ಬಾಡು ಹದವಾಗಿ ಬೆಂದಿದೆಯೋ ಇಲ್ಲವೋ, ಉಪ್ಪು ಮುಂದಾಯಿತೋ ಏನೋ ಎಂದು ಅವಳ ಮನಸ್ಸು ಆಗಲೇ ಹಳೆಯ ಜಾಡಿಗೆ ಬಿದ್ದಿತ್ತು.

ಆದರೆ ಒಳಗಿನವರು ಉಣ್ಣುತ್ತಲೇ ಇದ್ದರು. ನೆರಳು ಅಂಗಳದಾಚೆ ಸರಿಯಿತು, ಸದ್ದು ನಿಲ್ಲಲಿಲ್ಲ. ಆಮೇಲೆ ಧಡಾರನೆ ಚೊಂಬು ಉರುಳಿತು, ನೀರು ಚೆಲ್ಲಿ ಹೊಸ್ತಿಲ ಸಂದಿಯಿಂದ ಹೊರಗೆ ಹರಿಯಿತು. ಕಾಮಾಕ್ಷಮ್ಮನ ಮನಸ್ಸಿಗೆ ಏನೋ ಚುರುಕ್ಕೆಂದಿತು. ಒಂದು ತೊಟ್ಟು ನೀರು ಪೋಲಾದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಚೊಂಬು ಉರುಳಿಸುತ್ತಾರೆಯೇ? ದೊಡ್ಡತಾಯಮ್ಮನಿಗೆ ಹೇಳಲು ಧೈರ್ಯವಾಗಲಿಲ್ಲ.

ಅದೇ ಹೊತ್ತಿಗೆ ಕಂಬಕ್ಕೆ ಒರಗಿದ್ದ ಮಾಯಮ್ಮ ಮೆಲ್ಲಗೆ ಜಾರಿ ಕೂತಳು. ಮುಖ ಬಿಳಿಚಿಕೊಂಡಿತ್ತು. ತಲೆ ಸುತ್ತುತ್ತಿದೆಯಾ ಎಂದರೆ, ಇಲ್ಲ ಅತ್ತೆ ಎಂದಳು. ಆ ಇಲ್ಲ ಎನ್ನುವ ದನಿಯೇ ಎಲ್ಲವನ್ನೂ ಹೇಳಿತು. ಕಾಮಾಕ್ಷಮ್ಮ ಅಡುಗೆಮನೆಯತ್ತ ತಿರುಗಿದಳು. ದೊಡ್ಡತಾಯಮ್ಮ ಕೈ ಅಡ್ಡ ಹಿಡಿದಳು.

"ಅಲ್ಲಿ ಅವ್ನು ಉಣ್ತಾವ್ನೆ. ಎಲೆಯಿಂದ ಎದ್ದೊಯ್ತಾನೆ ಕಣಮ್ಮಿ. ಒಂದ್ ಗಳ್ಗೆ ತಡ್ಕೊಳ್ಲಿ."

ಕಾಮಾಕ್ಷಮ್ಮ ನಿಂತಳು. ಒಂದು ಕಡೆ ಮುಚ್ಚಿದ ಬಾಗಿಲು. ಅದರಾಚೆ ಗಂಡನಿದ್ದರೆ, ತನ್ನಿಂದಾಗಿ ಅರ್ಧ ಊಟದಲ್ಲಿ ಎದ್ದು ಹೋದರೆ, ಇನ್ನೆಂದೂ ಈ ಕಡೆ ಬಾರದಿದ್ದರೆ? ಇನ್ನೊಂದು ಕಡೆ, ಈ ಮನೆಗೆ ಕೊನೆಗೆ ಬಂದ ಹುಡುಗಿ ಮೂಲೆಯಲ್ಲಿ ಹಸಿದು ಕೂತಿದ್ದಾಳೆ. ಇಂಥದೇ ಒಂದು ಮೂಲೆಯನ್ನು ಕಾಮಾಕ್ಷಮ್ಮ ಚೆನ್ನಾಗಿ ಬಲ್ಲಳು.

"ಏಳಾಕಿಲ್ಲ ಅಕ್ಕ," ಎಂದಳು. "ಇವಳು ಉಣ್ಣದೆ ಇದ್ರೆ ಅವರು ಕೂರೋದೇ ಇಲ್ಲ. ನಂಗೊತ್ತು ಅವರ ಬುದ್ಧಿ."

ದೊಡ್ಡತಾಯಮ್ಮನ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ಹೋದಳು. ಎಲೆಯನ್ನೂ ಹುಡುಕಲಿಲ್ಲ, ತಟ್ಟೆಗೇ ಮುದ್ದೆಯಿಟ್ಟು, ಸಾರು ಬಿಟ್ಟು ತಂದು ಸೊಸೆಯ ಮಡಿಲಿಗಿಟ್ಟಳು. ಮಾಯಮ್ಮ ಹೆದರಿ ಹೆದರಿ ಮೊದಲ ತುತ್ತು ನುಂಗಿದಳು. ಎರಡನೆಯದಕ್ಕೆ ಹೆದರಿಕೆ ಇರಲಿಲ್ಲ. ಇನ್ನಷ್ಟು ಸಾರು ಬಿಡಲು ಕಾಮಾಕ್ಷಮ್ಮ ಸೌಟು ಹಿಡಿದು ಬಂದಳು. ಬಡಿಸಿ ನಿಮಿರಿದಾಗ ಕಣ್ಣು ಎದುರಿನ ಬಾಗಿಲ ಮೇಲೆ ಬಿತ್ತು. ಮೇಲೆ ಹುರಿಯ ತೂತು, ಅದರ ಕೆಳಗೆ ಬಿರಡೆ. ಕೈಯಲ್ಲಿ ಉದ್ದ ಹಿಡಿಯ ಕಬ್ಬಿಣದ ಸೌಟು. ಸಾರು ಉಕ್ಕಿದ ಆ ದಿನದ ಮಾತು ಎಲ್ಲಿ ಅಡಗಿತ್ತೋ, ಈಗ ಅವರ ದನಿಯಲ್ಲೇ ಕೇಳಿಸಿತು: "ಯಾವ ತೂಬಿಗೂ ಎರಡನೇ ದಾರಿ ಇರಬೇಕು ಕಾಮಾಕ್ಷಿ. ಹುರಿ ಕೈಕೊಟ್ಟ ದಿನ ನಿನ್ನ ಸೌಟಿನ ಹಿಡಿ ತೂರಿಸಿ ಮೀಟು."

ಬಿರಡೆ ಕಿತ್ತು ಹಿಡಿಯನ್ನು ತೂರಿಸಿದಳು. ಅವಳ ಕೈಯೆತ್ತರಕ್ಕೆ ಸರಿಯಾಗಿಯೇ ಇತ್ತು ಆ ತೂತು. ಮೀಟಿದಳು. ಅಗುಳಿ ಸಲೀಸಾಗಿ ಎದ್ದಿತು. ದೊಡ್ಡತಾಯಮ್ಮ ಗಾಬರಿಯಲ್ಲಿಯೂ ಪದ್ಧತಿ ಮರೆಯದೆ ಒಮ್ಮೆ ಕೆಮ್ಮಿದಳು.

ಒಳಗೆ ಹೊಸ ಪಂಚೆಯ ಮೇಲೆ, ಒಂದು ಕಿವಿ ಹರಿದ ಬೂದು ಬೆಕ್ಕು ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಎಲೆಯಲ್ಲಿ ಬಾಡು ಒಂದು ತುಂಡೂ ಇರಲಿಲ್ಲ. ಮೊಸರನ್ನೂ ಎಲೆಯ ಹಸಿರು ಕಾಣುವಂತೆ ನೆಕ್ಕಿ ಮುಗಿಸಿತ್ತು. ಎಲ್ಲರೂ ಕಣ್ಣು ಮುಚ್ಚಿ ಅಡ್ಡಬಿದ್ದಾಗ ನುಸುಳಿತೋ, ಬೆಳಗ್ಗೆಯೇ ಅಟ್ಟದಲ್ಲಿ ಅಡಗಿತ್ತೋ, ಅಂತೂ ಬೆಕ್ಕನ್ನು ಹೊರಗಿಡಲು ಮಾಡಿದ ಅಗುಳಿ ಬೆಕ್ಕನ್ನು ಹಬ್ಬದೂಟದ ಜೊತೆ ಒಳಗಿಟ್ಟು ಕಾದಿತ್ತು. ಅದು ಇವರನ್ನು ಒಮ್ಮೆ ನೋಡಿ, ಬಂದಿರಾ ಎಂಬಂತೆ ಕಣ್ಣು ಕಿರಿದು ಮಾಡಿ, ಮತ್ತೆ ಮುಂಗಾಲು ನೆಕ್ಕತೊಡಗಿತು.

ದೊಡ್ಡತಾಯಮ್ಮ ಎದೆ ಹಿಡಿದುಕೊಂಡು ಅಲ್ಲೇ ಕೂತಳು. ಎಡೆ ಕೆಟ್ಟಿತು, ತಮ್ಮ ಉಪವಾಸ ಹೋದ, ಇದೆಲ್ಲ ಆ ಹಾಳು ಬಾಗಿಲಿನಿಂದ ಎಂದು ಅವಳು ಗೋಳಿಡುತ್ತಿದ್ದಂತೆ ಶಿವಯ್ಯ ಪೊರಕೆ ಎತ್ತಿಕೊಂಡ. ಸೋಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು; ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗುವಂತಿರಲಿಲ್ಲ. ನಗುತ್ತಿದ್ದಳು.

ಕಾಮಾಕ್ಷಮ್ಮ ಮಗನ ಕೈಯಿಂದ ಪೊರಕೆ ಕಸಿದುಕೊಂಡಳು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಕೆಟ್ಟಿಲ್ಲ ಅಕ್ಕ. ಸರಿಯಾಗೇ ಆಯ್ತು," ಎಂದಳು. "ಅವರು ಯಾವತ್ತು ಇದಕ್ಕೆ ಹಾಕದೆ ಉಂಡವ್ರೆ? ಕೊನೆಗದ್ದೆ ನೆನೀತು. ಮಾಯಮ್ಮಂದೂ ಆಯ್ತು. ಇನ್ನು ಉಳಿದೋರು ಕೂತ್ಕೊಳಿ. ನಮ್ಮದೆಲ್ಲ ಆಗದೆ ಅವರು ಬರಾಕಿಲ್ಲ."

ಹಿರಿಯರಿಗೆ ಮೊದಲು ಮನೆಯವರು ಉಣ್ಣುವುದೇ? ಕೊತ್ತತ್ತಿಯಲ್ಲಿ ಇದನ್ನು ಕೇಳಿದರೆ ಜನ ಏನೆಂದಾರು? ಎಲ್ಲರೂ ದೊಡ್ಡತಾಯಮ್ಮನ ಬಾಯಿ ನೋಡಿದರು. ಆಕೆ, ಅವನು ಬದುಕಿದ್ದಾಗಲೇ ಯಾರ ಮಾತೂ ಕೇಳಲಿಲ್ಲ, ಸತ್ತ ಮೇಲೆ ಕೇಳುತ್ತಾನೆಯೇ ಎಂದು ಗೊಣಗಿ, ಮಂಡಿ ಹಿಡಿದುಕೊಂಡು ಎದ್ದಳು.

ಶಿವಯ್ಯ, ಸೋಮಮ್ಮ ಸಾಲಾಗಿ ಕೂತರು. ಚಿಕ್ಕವಳು ಸೋಮಮ್ಮ, ಅವಳಿಗೆ ಮೊದಲು, ಆಮೇಲೆ ಶಿವಯ್ಯನಿಗೆ. ಮುತ್ತತ್ತಿಯ ಪೇಟದ ಕಥೆ ಮತ್ತೊಮ್ಮೆ ಆಯಿತು. ಉಣ್ಣುತ್ತ ಉಣ್ಣುತ್ತ ಶಿವಯ್ಯ ನಗು ತಡೆಯಲಾರದೆ ಕೆಮ್ಮಿದ. ಇಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿರಲಿಲ್ಲ. ಅವರು ಎದ್ದ ಮೇಲೆ ಕಾಮಾಕ್ಷಮ್ಮನ ಸರದಿ ಬಂತು.

ಅವಳ ಎಲೆಗೆ ಎಂದೂ ಅವರದೇ ಕೈ. ಅವರು ಹೋದಾಗಿನಿಂದ ಅವಳು ಒಲೆಯ ಪಕ್ಕ ನಿಂತೇ ಏನೋ ತಿಂದು ಮುಗಿಸುತ್ತಿದ್ದಳು. ಎಲೆ ಹಾಕಿಕೊಂಡು ಕೂತೇ ಇರಲಿಲ್ಲ. ಇವತ್ತೂ ಆಮೇಲೆ ತಿಂದರಾಯಿತು ಎಂದು ಸೌಟನ್ನು ಪಾತ್ರೆಯಲ್ಲಿಟ್ಟು ಹಿಂದಕ್ಕೆ ತಿರುಗಿದಳು.

ದೊಡ್ಡತಾಯಮ್ಮ ಎಲೆ ಹಾಸಿ ಕಾಯುತ್ತಿದ್ದಳು. ಕೈಯಲ್ಲಿ ಮುದ್ದೆಯಿತ್ತು.

"ಕೂತ್ಕಳಮ್ಮಿ," ಎಂದಳು, ಎತ್ತಲೋ ನೋಡುತ್ತ. "ನಾನು ನಿಂಗಿಂತ ದೊಡ್ಡೋಳು. ನಿಂದಾಗ್ದೆ ನಂಗೆ ಸರದಿ ಬತ್ತದಾ?"

ಕಾಮಾಕ್ಷಮ್ಮ ಕೂತಳು. ಬಿಸಿ ಮುದ್ದೆ ಎಲೆಗೆ ಬಿತ್ತು. ಕಣ್ಣೀರು ಎಲೆಗೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿ ಹೊಟ್ಟೆ ತುಂಬ ಉಂಡಳು. ಆಮೇಲೆ ದೊಡ್ಡತಾಯಮ್ಮನಿಗೆ ಬಡಿಸಿದಳು. ಆಕೆ ವಡೆ ಗಟ್ಟಿಯಾಯಿತೆಂದು ಬೈಯುತ್ತಲೇ ಮತ್ತೆರಡು ಹಾಕಿಸಿಕೊಂಡಳು.

ಎಲ್ಲರದೂ ಮುಗಿದ ಮೇಲೆ ಕಾಮಾಕ್ಷಮ್ಮ ಕೋಣೆಯನ್ನು ಸಾರಿಸಿ, ಹೊಸ ಎಲೆ ಹಾಸಿ, ಅವರಿಗೆಂದು ತೆಗೆದಿಟ್ಟದ್ದನ್ನೆಲ್ಲ ಬಡಿಸಿದಳು. ಚೊಂಬಿಗೆ ನೀರು ತುಂಬಿದಳು. ಪಂಚೆಯ ಮೇಲಿನ ಬೂದು ಕೂದಲನ್ನು ಕೊಡವಿ ಮಡಿಸಿಟ್ಟಳು. ಹೊರಗೆ ಬಂದು ಬಾಗಿಲೆಳೆದಳು, ಆದರೆ ಅಗುಳಿ ಬೀಳುವಷ್ಟು ಎಳೆಯಲಿಲ್ಲ. ಬೆಕ್ಕೊಂದು ನುಸುಳುವಷ್ಟು ಸಂದಿ ಬಿಟ್ಟಳು.

"ಎಲ್ಲರದೂ ಆಯ್ತು," ಎಂದಳು ಆ ಸಂದಿಯತ್ತ ಬಾಗಿ. "ನಂದೂ ಆಯ್ತು. ಈಗ ನಿಮ್ಮ ಸರದಿ, ಉಣ್ಣಿ."